ನಾಲ್ಕು ರವಿವಾರ, ಪಾಪಡಖಾರ ಮತ್ತು ತಿರಫಳ: ಟಿಳಕವಾಡಿಯ ನೂಡಲ್ಸ್ ತರಗತಿಯೊಂದರ ವಿಮರ್ಶೆ

ಬೆಳಗಾವಿಯ ಟಿಳಕವಾಡಿಯ ಮನೆಯೊಂದರ ಹಿಂಬದಿಯಲ್ಲಿರುವ ದೊಡ್ಡ ಅಡುಗೆಮನೆಯಲ್ಲಿ ನಡೆಯುವ ನೂಡಲ್ಸ್ ತರಗತಿಗೆ ನಾನು ಡಿಸೆಂಬರ್ ಕೊನೆಯ ವಾರದಿಂದ ಆರಂಭಿಸಿ ಸತತವಾಗಿ ನಾಲ್ಕು ರವಿವಾರ ಹೋಗಿ ಬಂದೆ. ಕಲಿಸುವವರು ಪತಿಯ ಉದ್ಯೋಗದ ನಿಮಿತ್ತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಿಂಗಪುರದಲ್ಲಿದ್ದು ಈಗ ಊರಿಗೆ ಮರಳಿದವರು. ಹೆಸರು, ವಿಳಾಸ ಬರೆಯಬಾರದೆಂದು ಅವರೇ ಕೇಳಿಕೊಂಡಿರುವುದರಿಂದ, ತರಗತಿಯಲ್ಲಿ ನಾವೆಲ್ಲ ಕರೆಯುತ್ತಿದ್ದಂತೆ ಇಲ್ಲಿಯೂ ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಒಂದು ತಂಡಕ್ಕೆ ಎಂಟು ಜನ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಒಂದೂವರೆಯವರೆಗೆ ಪಾಠ. ಸಾಮಗ್ರಿಯೂ ಊಟವೂ ಸೇರಿ ನಾಲ್ಕು ದಿನಕ್ಕೆ 3,200 ರೂಪಾಯಿ. ಮನೆಯಲ್ಲಿ ಮಕ್ಕಳು ನೂಡಲ್ಸ್ ಕೇಳದ ವಾರವಿಲ್ಲ, ಆದರೆ ನಮಗೆ ಸಿಗುವುದು ಒಂದೋ ಎರಡು ನಿಮಿಷದ ಪೊಟ್ಟಣ, ಇಲ್ಲವೇ ಸಂಜೆಯ ಬಂಡಿಯಲ್ಲಿ ಸಾಸಿನ ಕೆಂಪಿನಲ್ಲಿ ಮುಳುಗಿಸಿ ಕೊಡುವ ತಟ್ಟೆ. ಇವೆರಡಕ್ಕಿಂತ ಬೇರೆಯಾದ ಒಂದನ್ನು ನನ್ನ ಕೈಯಿಂದ ಮಾಡಿ ಬಡಿಸಬೇಕೆಂಬ ಆಸೆಯೇ ನನ್ನನ್ನು ಅಲ್ಲಿಗೆ ಕರೆದೊಯ್ದಿತು.

ಈ ತರಗತಿಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಪರದೇಶದ ಅಡುಗೆಯನ್ನು ಬಾಟಲಿಗಳ ಮೂಲಕ ಕಲಿಸುವವರು ಬಹಳ ಜನರಿದ್ದಾರೆ; ಇಲ್ಲಿ ಅದನ್ನು ಬೆಳಗಾವಿಯ ಚಳಿಗಾಲದ ಸಂತೆಯ ಮೂಲಕ, ನಮ್ಮ ಅಜ್ಜಿಯರ ಕೈಗೆ ಗೊತ್ತಿದ್ದ ಕೆಲಸಗಳ ಮೂಲಕ ಕಲಿಸುತ್ತಾರೆ. ಕೊರತೆಗಳೂ ಇವೆ, ಅವುಗಳನ್ನು ಮುಂದೆ ಹೇಳುತ್ತೇನೆ.

ಮೊದಲ ದಿನ ಅಕ್ಕ ನಮ್ಮನ್ನು ಅಡುಗೆಮನೆಗಿಂತ ಮೊದಲು ಸಂತೆಗೆ ಕರೆದುಕೊಂಡು ಹೋದರು. ಬೆಳಿಗ್ಗೆ ಏಳೂವರೆಗೆ, ಇನ್ನೂ ಮಂಜು ಹರಿಯದ ಹೊತ್ತಿನಲ್ಲಿ, ಸುತ್ತಲ ಹಳ್ಳಿಗಳಿಂದ ಬುಟ್ಟಿ ಹೊತ್ತು ಬಂದ ಹೆಣ್ಣುಮಕ್ಕಳು ರಸ್ತೆಯ ಅಂಚಿನಲ್ಲಿ ಸಾಲಾಗಿ ಕುಳಿತಿದ್ದರು. ಕೋಬಿ, ಫ್ಲಾವರ್, ನವಲಕೋಲು, ಗಜ್ಜರಿ, ಹಸಿ ವಟಾಣಿ, ಮೂಲಂಗಿ, ಬೇರಿನ ಮಣ್ಣು ಹಾಗೇ ಇದ್ದ ಉಳ್ಳಾಗಡ್ಡಿ ತಪ್ಪಲು, ಮೆಂತೆ, ಹಕ್ಕರಕಿ, ಗೆಣಸು: ಘಟ್ಟವಿಳಿದು ಗೋವಾದ ಅಡುಗೆಮನೆಗಳನ್ನೂ ತುಂಬಿಸುವ ಬೆಳಗಾವಿಯ ಕಾಯಿಪಲ್ಲೆ ಈ ತಿಂಗಳುಗಳಲ್ಲಿ ತನ್ನ ಅತ್ಯುತ್ತಮ ಸ್ಥಿತಿಯಲ್ಲಿರುತ್ತದೆ. ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ ಸಂತೆಗೆ ಬರಬಾರದು, ಸಂತೆಯನ್ನು ನೋಡಿ ನಿರ್ಧರಿಸಬೇಕು ಎಂಬುದು ಅಕ್ಕನ ನಿಯಮ. ನಾನು ಅಭ್ಯಾಸಬಲದಿಂದ ಢಬ್ಬು ಮೆಣಸಿನಕಾಯಿಗೆ ಕೈ ಹಾಕಿದಾಗ, ಪಕ್ಕದಲ್ಲಿ ಹಕ್ಕರಕಿಯ ಸಿವುಡು ಕಟ್ಟುತ್ತಿದ್ದ ಅಜ್ಜಿಯೊಬ್ಬರು, "ಅದು ವರ್ಷಾನಗಟ್ಲೆ ಸಿಗತೈತೆವ್ವಾ, ಇದು ನಸಕಿನ್ಯಾಗ ಕಿತ್ತದ್ದೈತಿ, ಇದನ್ನ ಒಯ್ಯಿ" ಎಂದರು. ಆ ಹಕ್ಕರಕಿಯೇ ಎರಡನೆಯ ವಾರದ ಪಾಠದಲ್ಲಿ ಮುಖ್ಯ ವಸ್ತುವಾಯಿತು.

ಹಿಟ್ಟಿನ ಪಾಠ ಈ ಇಡೀ ತರಗತಿಯ ಜೀವಾಳ. ಐದುನೂರು ಗ್ರಾಂ ಮೈದಾಕ್ಕೆ ಎರಡುನೂರು ಮಿಲಿಲೀಟರ್ ನೀರು, ಐದು ಗ್ರಾಂ ಉಪ್ಪು, ಐದು ಗ್ರಾಂ ಕ್ಷಾರ. ಚಪಾತಿಯ ಕಣಕಕ್ಕೆ ಒಗ್ಗಿದ ಕೈಗೆ ಈ ಹಿಟ್ಟು ಹಿಟ್ಟೇ ಅಲ್ಲವೆನಿಸುತ್ತದೆ. ಅದು ಕಲಸಿದರೆ ಕೂಡಿಕೊಳ್ಳುವುದಿಲ್ಲ, ಒದ್ದೆ ಮರಳಿನಂತೆ ಉದುರುತ್ತದೆ, ನೀರು ಸಾಲದೆಂದು ಮನಸ್ಸು ಹೇಳುತ್ತಲೇ ಇರುತ್ತದೆ. ಅಕ್ಕ ಒಂದು ಹನಿಯನ್ನೂ ಹೆಚ್ಚಿಗೆ ಹಾಕಗೊಡಲಿಲ್ಲ. ಒದ್ದೆ ಬಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟ ಬಳಿಕ ಅದೇ ಉದುರುಹಿಟ್ಟು ಅಂಗೈಯ ಒತ್ತಡಕ್ಕೆ ಒಂದಾಗಿ, ಲಟ್ಟಿಸಿ ಮಡಚಿ ಮತ್ತೆ ಲಟ್ಟಿಸಿದಂತೆಲ್ಲ ನುಣುಪಾಗಿ, ಬಣ್ಣ ಹಾಕದೆಯೇ ತೆಳು ಹಳದಿಗೆ ತಿರುಗಿತು. ಗೋಧಿಹಿಟ್ಟಿನಲ್ಲಿ ಸಹಜವಾಗಿಯೇ ಇರುವ ಕೆಲವು ವರ್ಣದ್ರವ್ಯಗಳು ಕ್ಷಾರ ತಗುಲಿದಾಗ ಹಳದಿಯಾಗುತ್ತವೆ. ಅದೇ ಕ್ಷಾರ ಹಿಟ್ಟಿನ ಅಂಟಿನ ಜಾಲವನ್ನು ಬಿಗಿಗೊಳಿಸುವುದರಿಂದ ಎಳೆ ಬಿಸಿ ಸಾರಿನಲ್ಲಿ ಕುಳಿತರೂ ಬೇಗ ಮೆತ್ತಗಾಗದೆ ಹಲ್ಲಿಗೆ ಪುಟಿಯುವಂತೆ ಉಳಿಯುತ್ತದೆ. ಜಪಾನಿನ ರಾಮೆನ್ ಎಳೆಗೂ ಅವರದೇ ಉಡೋನ್ ಎಳೆಗೂ ಇರುವ ಮುಖ್ಯ ವ್ಯತ್ಯಾಸ ಇದು. ಉಡೋನ್‌ಗೆ ಹಿಟ್ಟು, ಉಪ್ಪು, ನೀರು ಇಷ್ಟೇ ಸಾಕು. ಎಳೆ ದಪ್ಪ, ಬಿಳಿ, ಮೃದು.

ಜಪಾನೀಯರು ಈ ಕ್ಷಾರವನ್ನು ಕಾನ್ಸುಯ್ ಎನ್ನುತ್ತಾರೆ. ಅದು ಮುಖ್ಯವಾಗಿ ಸೋಡಿಯಂ ಕಾರ್ಬೊನೇಟ್ ಮತ್ತು ಪೊಟ್ಯಾಸಿಯಂ ಕಾರ್ಬೊನೇಟ್‌ಗಳ ಮಿಶ್ರಣ. ಅಕ್ಕ ಅದನ್ನು ಹೇಳುತ್ತಿದ್ದಂತೆ ನನ್ನ ಪಕ್ಕದಲ್ಲಿ ಕುಳಿತಿದ್ದ ಶಹಾಪುರದ ಹಿರಿಯ ಮಹಿಳೆಯೊಬ್ಬರು, "ಹಂಗಂದ್ರ ಇದು ನಮ್ಮ ಪಾಪಡಖಾರ ಅಲ್ಲೇನ್ರೀ?" ಎಂದು ಕೇಳಿದರು. ಹೌದು, ಹಪ್ಪಳದ ಹಿಟ್ಟಿಗೆ ನಾವು ಹಾಕುವ ಪಾಪಡಖಾರ ಅದೇ ಕ್ಷಾರಗಳ ಕುಲಕ್ಕೆ ಸೇರಿದ್ದು. ಅಂಗಡಿಯಿಂದ ಅಂಗಡಿಗೆ ಅದರ ತೀಕ್ಷ್ಣತೆ ಬೇರೆಬೇರೆಯಾಗಿರುವುದರಿಂದ ಅಕ್ಕ ಅಡುಗೆ ಸೋಡಾವನ್ನೇ ಓವನ್ನಿನಲ್ಲಿ 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಬಳಸುತ್ತಾರೆ. ಕಾದಾಗ ಅದರೊಳಗಿನ ನೀರಿನ ಅಂಶವೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ; ನೂರು ಗ್ರಾಂ ಸೋಡಾ ಪೂರ್ತಿ ಬದಲಾದಾಗ ತೂಕ ಅರವತ್ತಮೂರು ಗ್ರಾಂ ಆಗಿರುತ್ತದೆ. ಹೀಗೆ ತೂಗಿ ನೋಡಿದರೆ ಕೆಲಸ ಮುಗಿದಿದೆಯೋ ಇಲ್ಲವೋ ತಿಳಿಯುತ್ತದೆ ಎಂದು ಅವರು ತಕ್ಕಡಿಯಲ್ಲಿಟ್ಟು ತೋರಿಸಿದ್ದು ನನಗೆ ಬಹಳ ಮೆಚ್ಚುಗೆಯಾಯಿತು. ಈ ಪುಡಿ ಒದ್ದೆ ಕೈಗೆ ಉರಿ ತರುತ್ತದೆ, ಅಳತೆ ಮೀರಿದರೆ ಎಳೆ ಸಾಬೂನಿನ ರುಚಿ ಕೊಡುತ್ತದೆ. ಆದ್ದರಿಂದ ಕಣ್ಣಳತೆ ಇಲ್ಲಿ ನಡೆಯುವುದಿಲ್ಲ, ಸಣ್ಣ ತಕ್ಕಡಿ ಇಲ್ಲದವರು ಮೊದಲು ಅದನ್ನು ಕೊಳ್ಳಬೇಕು.

ನನ್ನ ತವರು ಬೈಲಹೊಂಗಲದ ಕಡೆ. ಬೇಸಿಗೆ ಬಂತೆಂದರೆ ಅವ್ವ, ದೊಡ್ಡವ್ವ, ಓಣಿಯ ನಾಲ್ಕಾರು ಜನ ಸೇರಿ ಶಾವಿಗೆ ಹೊಸೆಯುತ್ತಿದ್ದರು. ಗೀರು ಹೊಡೆದ ಉದ್ದನೆಯ ಮಣೆಯನ್ನು ಓರೆಯಾಗಿ ನಿಲ್ಲಿಸಿ, ಒಬ್ಬರು ಅದರ ಮೇಲೆ ಕುಳಿತು ನಾದಿದ ಹಿಟ್ಟನ್ನು ಅಂಗೈಯಿಂದ ತಿಕ್ಕಿದರೆ ಕೆಳಗೆ ಎಳೆಗಳು ಇಳಿಯುತ್ತಿದ್ದವು. ಇನ್ನೊಬ್ಬರು ಅವನ್ನು ಹಿಡಿದು ಕೋಲಿಗೆ ಹಾಕಿ ಬಿಸಿಲಿಗೆ ಇಡುತ್ತಿದ್ದರು. ಚೀನಾದ ಲಾನ್‌ಝೌ ನಗರದಲ್ಲಿ ಕೈಯಿಂದ ಎಳೆಯುವ ಲಾಮಿಯನ್ ಬಗ್ಗೆ ಅಕ್ಕ ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಆ ಅಂಗಳವೇ ಇತ್ತು. ಅಲ್ಲಿ ಹಿಟ್ಟಿನ ಹಗ್ಗವನ್ನು ಎಳೆದು ಎರಡಾಗಿ ಮಡಚುತ್ತಾರೆ, ಮತ್ತೆ ಎಳೆಯುತ್ತಾರೆ. ಒಂದು ಎಳೆ ಎಂಟು ಮಡಿಕೆಗೆ 256 ಎಳೆಯಾಗುತ್ತದೆ. ಅಲ್ಲಿಯೂ ಹಿಟ್ಟಿಗೆ ಕ್ಷಾರವಿದೆ, ಹದ ಬರುವ ತನಕ ನಾದುವ ತಾಳ್ಮೆಯಿದೆ. ಚೀನಾದ ಲಾಜಿಯಾ ಎಂಬಲ್ಲಿ ಮಣ್ಣಿನಡಿ ಮಗುಚಿ ಬಿದ್ದಿದ್ದ ಬಟ್ಟಲಿನಲ್ಲಿ ಸುಮಾರು 4,000 ವರ್ಷ ಹಿಂದಿನ ಎಳೆಗಳು ಸಿಕ್ಕವೆಂದೂ, ಅವು ನವಣೆ ಮತ್ತು ಬರಗಿನಿಂದ ಮಾಡಿದವೆಂದೂ ಸಂಶೋಧಕರು 2005ರಲ್ಲಿ ವರದಿ ಮಾಡಿದ್ದರು. ನವಣೆಯ ಅನ್ನ ಉಂಡು ಬೆಳೆದ ನಾಡಿನವಳಾಗಿ ಆ ಮಾತು ನನ್ನನ್ನು ಹಿಡಿದು ನಿಲ್ಲಿಸಿತು.

ಜವೆಗೋಧಿಯ ಹಿಟ್ಟನ್ನು ಮೈದಾದೊಂದಿಗೆ ಬೆರೆಸಿ ನೋಡುವ ಪ್ರಯೋಗವನ್ನೂ ಅಕ್ಕ ಮಾಡಿಸಿದರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಡಿಡಿಕೆ 1025, ಡಿಡಿಕೆ 1029 ಮುಂತಾದ ತಳಿಗಳಿಂದಾಗಿ ನಮ್ಮ ಭಾಗದಲ್ಲಿ ಈ ಗೋಧಿ ಇನ್ನೂ ಉಳಿದಿದೆ. ಶಾವಿಗೆಗೂ ಹುಗ್ಗಿಗೂ ಅದರ ರುಚಿ ಬೇರೆ ಗೋಧಿಗಿಲ್ಲ. ನೂಡಲ್ಸ್‌ನಲ್ಲಿ ಮೂರನೆಯ ಒಂದು ಪಾಲು ಜವೆಗೋಧಿ ಇದ್ದಾಗ ಎಳೆಗೆ ಕಾಯಿ-ಬೀಜದಂಥ ಪರಿಮಳ ಬಂತು, ಅರ್ಧಕ್ಕೆ ಏರಿಸಿದಾಗ ಎಳೆಗಳು ನೀರಿನಲ್ಲಿ ತುಂಡಾದವು. ಮೂರನೆಯ ಒಂದು ಪಾಲಿನ ಲೆಕ್ಕವನ್ನು ನಾನು ಮನೆಯಲ್ಲಿ ಕಾಯಂ ಮಾಡಿಕೊಂಡಿದ್ದೇನೆ.

ಎರಡನೆಯ ವಾರ ಸಾರಿನದು. ಜಪಾನಿನ ವಿಜ್ಞಾನಿ ಕಿಕುನಾಯೆ ಇಕೆಡಾ 1908ರಲ್ಲಿ ಕೊಂಬು ಎಂಬ ಕಡಲಪಾಚಿಯ ಸಾರಿನಿಂದ ಗ್ಲುಟಮೇಟ್ ಅನ್ನು ಬೇರ್ಪಡಿಸಿ, ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟ ವಿಚಾರದಿಂದ ಪಾಠ ಆರಂಭವಾಯಿತು. ಕೊಂಬುವನ್ನು ತಣ್ಣೀರಿನಲ್ಲಿ ನೆನೆಸಿ, ಒಲೆಯ ಮೇಲಿಟ್ಟ ನೀರು ಕುದಿಗೆ ಬರುವ ಮುನ್ನವೇ ತೆಗೆಯಬೇಕು; ಕುದಿಸಿದರೆ ಲೋಳೆಯೂ ಕಹಿಯೂ ಬಿಡುತ್ತದೆ. ಒಣ ಶಿಟಾಕೆ ಅಣಬೆಗೂ ರಾತ್ರಿಯಿಡೀ ತಣ್ಣೀರೇ ಸರಿ. ಇವೆರಡನ್ನೂ ತರಿಸಿಕೊಳ್ಳುವುದು ಪ್ರತಿ ಮನೆಗೆ ಸಾಧ್ಯವಿಲ್ಲವೆಂದು ಅಕ್ಕ ಒಪ್ಪಿಕೊಂಡು, ಕಡಲೆಬೇಳೆಯ ಕಟ್ಟನ್ನು ಮುಂದಿಟ್ಟರು. ಹೋಳಿಗೆಯ ದಿನ ಬೇಳೆ ಬಸಿದು ಉಳಿಯುವ ಅದೇ ಕಟ್ಟು. ಕೆಂಡದ ಮೇಲೆ ಸುಟ್ಟ ಉಳ್ಳಾಗಡ್ಡಿ, ಹಸಿಶುಂಠಿ, ಟೊಮೆಟೊ, ಚಕ್ರಮೊಗ್ಗು, ದಾಲ್ಚಿನ್ನಿಗಳನ್ನು ಆ ಕಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕಾಯಿಸಿ ಸೋಸಿದಾಗ, ವಿಯೆಟ್ನಾಮಿನ ಫೋ ಸಾರಿನ ಪರಿಮಳವೂ ನಮ್ಮ ಹಬ್ಬದ ಸಾರಿನ ಮೈಯೂ ಒಂದಕ್ಕೊಂದು ಅಡ್ಡಿಯಾಗದೆ ಕೂಡಿಕೊಂಡವು. ಫೋ ಬಟ್ಟಲಿನ ಮೇಲೆ ಹಸಿ ಸೊಪ್ಪುಗಳನ್ನು ಹರಡಿ ತಿನ್ನುವುದು ಅಲ್ಲಿನ ಪದ್ಧತಿ. ನಾವು ಹಕ್ಕರಕಿ, ಕೊತ್ತಂಬರಿ, ಎಳೆ ಮೂಲಂಗಿಯನ್ನು ಇಟ್ಟೆವು. ರೊಟ್ಟಿಯೊಂದಿಗೆ ಹಸಿಯಾಗಿ ಕಚ್ಚುವ ಹಕ್ಕರಕಿಯ ನಸುಗಹಿ ಬಿಸಿ ಸಾರಿನಲ್ಲಿ ಅರೆಬಾಡಿದಾಗ ಎಷ್ಟು ಹಿತವೆಂಬುದು ನನಗೆ ಗೊತ್ತಿರಲಿಲ್ಲ. ನಾಲ್ಕು ವಾರಗಳಲ್ಲಿ ನಾನು ಉಂಡ ಅತ್ಯುತ್ತಮ ಬಟ್ಟಲು ಅದೇ.

ಮೂರನೆಯ ವಾರದ ಹುರಿದ ನೂಡಲ್ಸ್ ಪಾಠವನ್ನು ಬೇಗ ಹೇಳಿ ಮುಗಿಸಬಹುದು. ಕಾಯಿಪಲ್ಲೆಯ ನೀರನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಬೇಯಿಸಿದ ಎಳೆಯನ್ನು ತಣ್ಣೀರಿನಲ್ಲಿ ತೊಳೆದು ಶೇಂಗಾ ಎಣ್ಣೆ ಸವರಿ ಆರಲು ಬಿಡಬೇಕು. ಮನೆಯ ಒಲೆಯಲ್ಲಿ ಒಂದು ಸಲಕ್ಕೆ ಇಬ್ಬರಿಗಾಗುವಷ್ಟನ್ನು ಮಾತ್ರ ಹುರಿಯಬೇಕು, ಹೆಚ್ಚು ಹಾಕಿದರೆ ಬಾಣಲೆಯ ಕಾವು ಇಳಿದು ಎಲ್ಲವೂ ಬೆವರುತ್ತದೆ. ನವಲಕೋಲು ಮತ್ತು ಗಜ್ಜರಿ ಮೊದಲು, ವಟಾಣಿ ಆಮೇಲೆ, ಕೋಬಿ ಅದರ ನಂತರ, ಉಳ್ಳಾಗಡ್ಡಿ ತಪ್ಪಲು ಒಲೆ ಆರಿಸುವ ಹೊತ್ತಿಗೆ. ಸೋಯಾ ಸಾಸಿನಲ್ಲಿ ಉಪ್ಪಿರುವುದರಿಂದ ಬೇರೆ ಉಪ್ಪು ಹಾಕಕೂಡದು. ಅಂದು ಭೋಗಿಗೆ ಇನ್ನು ಕೆಲವೇ ದಿನಗಳಿದ್ದವು. ಸಂತೆಯಲ್ಲಿ ಭೋಗಿ ಪಲ್ಲೆಗೆಂದೇ ಹಸಿ ಕಡಲೆ, ಅವರೆ, ಗಜ್ಜರಿ, ಬದನೆಕಾಯಿ ಬಂದಿದ್ದವು. ಹಸಿ ಕಡಲೆಯನ್ನೂ ಹುರಿದ ಎಳ್ಳನ್ನೂ ಹಾಕಿ ಮಾಡಿದ ಒಂದು ಬಾಣಲೆ, ಢಬ್ಬು ಮೆಣಸಿನಕಾಯಿಯ ಹಕ್ಕಾ ನೂಡಲ್ಸ್‌ಗಿಂತ ಎಷ್ಟೋ ಪಾಲು ಮೇಲಾಗಿತ್ತು.

ಕೊನೆಯ ವಾರಕ್ಕಾಗಿ ಮಾತ್ರವೇ ಯಾರಾದರೂ ಪೂರ್ತಿ ಶುಲ್ಕ ಕೊಟ್ಟರೂ ನಷ್ಟವಿಲ್ಲ. ಚೀನಾದ ಸಿಚುವಾನ್ ಪ್ರಾಂತದ ದಾನ್‌ದಾನ್ ನೂಡಲ್ಸ್‌ಗೆ ಮೆಣಸಿನಕಾಯಿಯ ಎಣ್ಣೆ, ಎಳ್ಳಿನ ಗೊಜ್ಜು ಮತ್ತು ಸಿಚುವಾನ್ ಮೆಣಸು ಬೇಕು. ಎಣ್ಣೆಗೆ ಅಕ್ಕ ಆರಿಸಿದ್ದು ಬ್ಯಾಡಗಿ. ಬಣ್ಣ ಗಾಢವಾಗಿದ್ದು ಖಾರ ಕಡಿಮೆಯಿರುವ, 2011ರಲ್ಲಿ ಭೌಗೋಳಿಕ ಗುರುತು ಪಡೆದ ಈ ಮೆಣಸಿನಕಾಯಿ ಆ ಕೆಲಸಕ್ಕೆಂದೇ ಹುಟ್ಟಿದಂತಿದೆ. ಎಣ್ಣೆಯನ್ನು ಚೆನ್ನಾಗಿ ಕಾಯಿಸಿ, ಕೆಲ ನಿಮಿಷ ಆರಿಸಿ, ಕುಟ್ಟಿದ ಮೆಣಸಿನಕಾಯಿಯ ಮೇಲೆ ಮೂರು ಕಂತಿನಲ್ಲಿ ಸುರಿದಾಗ ಒಂದು ಚೂರೂ ಕರಕಾಗದೆ ಮಾಣಿಕ್ಯದ ಬಣ್ಣ ಇಳಿಯಿತು. ಬಂಡಿಗಳ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಗಿ ಬಂತು. ಇಲ್ಲೇ ಹತ್ತಿರದ ಹಾವೇರಿ ಜಿಲ್ಲೆಯಲ್ಲಿ ಇಂಥ ಕೆಂಪು ಬೆಳೆಯುವಾಗ ಅದರ ಅಗತ್ಯವಾದರೂ ಏನಿತ್ತೆಂದು ನನಗೆ ಸಂಕಟವಾಗುತ್ತದೆ.

ಸಿಚುವಾನ್ ಮೆಣಸು ನಮ್ಮ ಕರಿಮೆಣಸಿನ ಬಳಗದ್ದಲ್ಲ, ನಿಂಬೆಯ ಕುಟುಂಬಕ್ಕೆ ಸೇರಿದ್ದು. ಖಾರಕ್ಕಿಂತ ಭಿನ್ನವಾಗಿ ಅದು ನಾಲಿಗೆ ತುಟಿಗಳನ್ನು ಜುಮ್ಮೆನಿಸುತ್ತದೆ. ಚೀನೀಯರು ಈ ಜುಮ್ಮಿಗೆ ಮಾ ಎಂದೂ ಖಾರಕ್ಕೆ ಲಾ ಎಂದೂ ಬೇರೆಬೇರೆ ಪದ ಇಟ್ಟುಕೊಂಡಿದ್ದಾರೆ. ಅಕ್ಕ ಒಂದು ಡಬ್ಬಿ ತೆರೆದು, ಒಣಗಿ ಬಾಯಿ ಬಿಟ್ಟ ಸಣ್ಣ ಕಾಯಿಗಳನ್ನು ನಮ್ಮ ಅಂಗೈಗೆ ಹಾಕಿದರು. ಅದು ಚೀನಾದಿಂದ ಬಂದದ್ದಲ್ಲ. ಕೊಂಕಣಿ ಮತ್ತು ಮರಾಠಿ ಮನೆಗಳಲ್ಲಿ ಮೀನಿನ ಸಾರಿಗೆ ಹಾಕುವ ತಿರಫಳ, ಮಲೆನಾಡಿನವರ ಜುಮ್ಮನಕಾಯಿ. ಎರಡೂ ಒಂದೇ ಸಸ್ಯಕುಲದ ಅಕ್ಕತಂಗಿಯರು. ಒಳಗಿನ ಕರಿಬೀಜವನ್ನು ತೆಗೆದೆಸೆದು ಸಿಪ್ಪೆಯನ್ನು ಮಾತ್ರ ಹಂಚಿನ ಮೇಲೆ ಬೆಚ್ಚಗೆ ಮಾಡಿ ಕುಟ್ಟಬೇಕು. ಹೆಸರಿನಲ್ಲೇ ಗುಣವನ್ನು ಹೊತ್ತ ಆ ಕನ್ನಡ ಪದವನ್ನು ನಾನು ಮೊದಲ ಬಾರಿಗೆ ಕೇಳಿದ್ದು ನೂಡಲ್ಸ್ ತರಗತಿಯಲ್ಲಿ. ನಾವು ಎಳ್ಳಿನ ಗೊಜ್ಜಿಗೆ ಹುರಿದ ಶೇಂಗಾ ಮತ್ತು ಎರಡು ಚಮಚ ಗುರೆಳ್ಳಿನ ಪುಡಿ ಕೂಡಿಸಿದೆವು. ಗುರೆಳ್ಳಿನ ಒಗರು ಎಣ್ಣೆಯ ಜಿಡ್ಡನ್ನು ಕತ್ತರಿಸಿತು, ತಿರಫಳದ ಜುಮ್ಮು ಊಟ ಮುಗಿದ ಮೇಲೂ ತುಟಿಯ ಮೇಲಿತ್ತು.

ಅದೇ ದಿನ ಗೆಣಸಿನ ಪಿಷ್ಟದಿಂದ ಮಾಡುವ ಕೊರಿಯಾದ ಪಾರದರ್ಶಕ ಎಳೆಗಳ ಜಾಪ್‌ಚೆಯೂ ಇತ್ತು. ಬೆಳಗಾವಿಯ ಗೆಣಸನ್ನು ತುರಿದು, ನೀರಿನಲ್ಲಿ ಹಿಂಡಿ, ತಳದಲ್ಲಿ ಕೂಡಿದ ಪಿಷ್ಟವನ್ನು ಅಕ್ಕ ತೋರಿಸಿದರು. ಆದರೆ ಅದರಿಂದ ಎಳೆ ಮಾಡುವುದು ಮನೆಯ ಕೆಲಸವಲ್ಲವಾದ್ದರಿಂದ ಪೊಟ್ಟಣದ ಎಳೆಯನ್ನೇ ಬಳಸಿ, ಹೋಳು ಮಾಡಿ ಸುಟ್ಟ ಗೆಣಸನ್ನು ಮೇಲೆ ಹಾಕಿದೆವು. ರುಚಿ ಸಾಧಾರಣವಾಗಿತ್ತು.

ಈಗ ಕೊರತೆಗಳು. ಬರೆದುಕೊಟ್ಟ ಪಾಕವಿಧಾನದ ಹಾಳೆಗಳು ಇಂಗ್ಲಿಷಿನಲ್ಲಿ ಮಾತ್ರ ಇದ್ದವು. ಎಂಟು ಜನರಲ್ಲಿ ಮೂವರು ಕನ್ನಡ ಅಥವಾ ಮರಾಠಿಯನ್ನಷ್ಟೇ ನಿರಾಯಾಸವಾಗಿ ಓದುವವರು. ಪಾಪಡಖಾರದ ಮಾತನ್ನು ಎತ್ತಿ ಪಾಠಕ್ಕೆ ಬೆಳಕು ತಂದ ಶಹಾಪುರದ ಆ ಹಿರಿಯರೇ ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಮನೆಗೆ ಹೋಗಿ ಮೊಮ್ಮಗಳಿಂದ ಓದಿಸಿಕೊಳ್ಳುತ್ತೇನೆಂದರು. ಇದು ನನಗೆ ನಿಜವಾಗಿಯೂ ನೋವು ತಂದ ಸಂಗತಿ. ಮೊದಲ ಎರಡು ಪಾಠಗಳನ್ನು ನಾನು ಕನ್ನಡಕ್ಕೆ ತಂದು ಅವರಿಗೆ ಕೊಟ್ಟಿದ್ದೇನೆ, ಉಳಿದವನ್ನೂ ಕೊಡುವವಳಿದ್ದೇನೆ. ಎರಡನೆಯದಾಗಿ, ಹುರಿಯುವ ಪಾಠಕ್ಕೆ ಜೋರು ಉರಿಯ ಒಲೆ ಒಂದೇ ಇದ್ದುದರಿಂದ ಪ್ರತಿಯೊಬ್ಬರ ಕೈಗೆ ಬಾಣಲೆ ಬಂದದ್ದು ಒಂದೇ ಸಲ. ಕೈ ಪಳಗಲು ಅದು ಸಾಲದು. ಆ ದಿನದ ಮಟ್ಟಿಗೆ ತಂಡವನ್ನು ಎರಡು ಮಾಡಬೇಕಿತ್ತು. ಮೂರನೆಯದು ಅಕ್ಕಿಯ ಎಳೆಗಳ ವಿಷಯ. ಖಾನಾಪುರದ ಗದ್ದೆಗಳು ಇಷ್ಟು ಹತ್ತಿರವಿರುವಾಗ, ಮಲೆನಾಡು ಕರಾವಳಿಗಳಲ್ಲಿ ಒತ್ತುಶಾವಿಗೆಯ ಒರಳು ಇನ್ನೂ ಬಳಕೆಯಲ್ಲಿರುವಾಗ, ಅಕ್ಕಿಯ ನೂಡಲ್ಸ್‌ಗೆ ಪೊಟ್ಟಣವನ್ನೇ ಒಡೆದದ್ದು ಈ ತರಗತಿಯ ರೀತಿಗೆ ಹೊಂದುವುದಿಲ್ಲ. ದಕ್ಷಿಣ ಚೀನಾದ ಅಕ್ಕಿಯ ಎಳೆಗಳಲ್ಲಿಯೂ ಹಲವನ್ನು ಒತ್ತಿಯೇ ತೆಗೆಯುತ್ತಾರೆ. ನಾನು ಇದನ್ನು ಹೇಳಿದಾಗ ಅಕ್ಕ ಗಮನವಿಟ್ಟು ಕೇಳಿ ಬರೆದುಕೊಂಡರು.

ಸಸ್ಯಾಹಾರಿಗಳು ಅನುಮಾನಿಸಬೇಕಾಗಿಲ್ಲ. ಮೀನಿನ ಸಾಸು, ಮೊಟ್ಟೆ, ಮಾಂಸ ಇರುವ ಮೂಲ ಪಾಕ ಹೇಗಿರುತ್ತದೆಂದು ತಿಳಿಸಿದರೂ ಪಾತ್ರೆಗಳನ್ನು ಪ್ರತ್ಯೇಕವಾಗಿಡುತ್ತಾರೆ, ಬೇಕಾದವರಿಗೆ ಮಾತ್ರ ಮೊಟ್ಟೆ ಕೊಡುತ್ತಾರೆ. ಗೋಧಿ, ಶೇಂಗಾ, ಸೋಯಾ, ಎಳ್ಳು ಒಗ್ಗದವರು ಮುಂಚೆಯೇ ತಿಳಿಸಬೇಕು. ಅರ್ಧ ಗಂಟೆಯಲ್ಲಿ ತಯಾರಾಗುವ ಅಡುಗೆಯನ್ನು ಬಯಸುವವರಿಗೆ ಹಿಟ್ಟಿನ ದಿನ ದೀರ್ಘವೆನಿಸಬಹುದು.

ಮುಂದಿನ ತಂಡ ಮಾರ್ಚ್‌ನಲ್ಲಿ, ಬಿಸಿಲು ಬಲಿತ ಮೇಲೆ. ಒಂದು ದಿನವನ್ನು ಪೂರ್ತಿಯಾಗಿ ಶಾವಿಗೆ ಹೊಸೆಯುವುದಕ್ಕೆ ಮೀಸಲಿಡುವ ಯೋಚನೆ ಅಕ್ಕನಿಗಿದ್ದು, ಮಣೆಯಿದ್ದರೆ ತರಬಹುದೇ ಎಂದು ಕೇಳಿದ್ದರು. ಕಳೆದ ವಾರ ಊರಿಗೆ ಹೋದಾಗ ಅಟ್ಟದ ಮೇಲಿದ್ದ ಮಣೆಯನ್ನು ಇಳಿಸಿದೆ. ಗೀರುಗಳಲ್ಲಿ ಹಿಂದೆಂದೋ ಒಣಗಿದ ಹಿಟ್ಟು ಇನ್ನೂ ಇತ್ತು. ಅವ್ವ ಅದನ್ನು ಸೂಜಿಯಿಂದ ಬಿಡಿಸಿ, ಶೇಂಗಾ ಎಣ್ಣೆ ಸವರಿ, ಹಳೆಯ ಸೀರೆಯಲ್ಲಿ ಸುತ್ತಿ ಕೊಟ್ಟು, ಹೊಸೆಯುವ ದಿನ ತಾನೂ ಬೆಳಗಾವಿಗೆ ಬರುವುದಾಗಿ ಹೇಳಿದ್ದಾಳೆ.